ಗೋಬಿ ರೈಸ್, ನೂಡಲ್ಸ್ ಮತ್ತು ಸೋಮವಾರದ ವಾಂತಿ

ಸೋಮವಾರ ಬೆಳಿಗ್ಗೆ ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಕುಳಿತವರನ್ನು ನೋಡಿದರೆ ಸಾಕು, ಭಾನುವಾರ ಸಂಜೆ ಅವರು ಎಲ್ಲಿದ್ದರು ಎಂಬುದನ್ನು ಮುಕ್ಕಾಲು ಪಾಲು ಊಹಿಸಬಹುದು. ಹೊಟ್ಟೆ ಹಿಡಿದುಕೊಂಡ ಹುಡುಗ, ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್ ಹಿಡಿದ ತಾಯಿ, 'ನಾನು ಮೊದ್ಲೇ ಹೇಳಿದ್ದೆ' ಎನ್ನುವ ಮುಖದ ಅಜ್ಜಿ.

ಕೆಲವು ತಿಂಗಳ ಹಿಂದೆ ಗುಬ್ಬಿ ಕಡೆಯಿಂದ ಅಂಥದೇ ಒಂದು ಕುಟುಂಬ ಬಂದಿತ್ತು. ಒಂಬತ್ತು ಮತ್ತು ಆರು ವರ್ಷದ ಇಬ್ಬರು ಮಕ್ಕಳಿಗೂ ಬೆಳಿಗ್ಗೆ ಒಂಬತ್ತೂವರೆಯಿಂದ ವಾಂತಿ. ಚಿಕ್ಕವನು ಏಳು ಸಲ ಕಕ್ಕಿ ಸುಸ್ತಾಗಿ ತಾಯಿಯ ಹೆಗಲ ಮೇಲೆ ಮಲಗಿದ್ದ. ತಂದೆಗೆ ಮಾತ್ರ ವಿಪರೀತ ಸಿಟ್ಟು. 'ಡಾಕ್ಟ್ರೇ, ಒಂದು ಸರ್ಟಿಫಿಕೇಟ್ ಬರ್ಕೊಡಿ. ನಿನ್ನೆ ತುಮಕೂರಲ್ಲಿ ಚೈನೀಸ್ ತಿಂದ್ವಿ. ಆ ಹೋಟ್ಲಿನವನ ಮೇಲೆ ಕಂಪ್ಲೇಂಟ್ ಕೊಡ್ತೀನಿ' ಎಂದರು.

ಮಕ್ಕಳಿಗೆ ಚಿಕಿತ್ಸೆ ಶುರು ಮಾಡಿ, ನಂತರ ನಿಧಾನವಾಗಿ ಕೇಳಿದೆ. ಹೋಟೆಲಿನಲ್ಲಿ ಯಾರು ಯಾರು ಏನೇನು ತಿಂದಿರಿ? ನೂಡಲ್ಸ್, ಗೋಬಿ ಮಂಚೂರಿ, ಫ್ರೈಡ್ ರೈಸ್ ಎಲ್ಲರೂ ಹಂಚಿಕೊಂಡು ತಿಂದಿದ್ದರು. ತಂದೆ ತಾಯಿಗೆ ಏನೂ ಆಗಿರಲಿಲ್ಲ. ರಾತ್ರಿ ಮಕ್ಕಳೂ ಚೆನ್ನಾಗಿಯೇ ಮಲಗಿದ್ದರು. ಹಾಗಾದರೆ ಬೆಳಿಗ್ಗೆ ತಿಂಡಿ ಏನು? ತಾಯಿ ಸ್ವಲ್ಪ ಅಳುಕುತ್ತಾ, 'ಒಂದು ಫ್ರೈಡ್ ರೈಸ್ ಪಾರ್ಸೆಲ್ ತಂದಿದ್ವಿ ಡಾಕ್ಟ್ರೇ. ಅದನ್ನೇ ಬಾಣಲೆಗೆ ಹಾಕಿ ಚೆನ್ನಾಗಿ ಬಿಸಿ ಮಾಡಿ ಕೊಟ್ಟೆ' ಎಂದರು. ರಾತ್ರಿ ಎಲ್ಲಿ ಇಟ್ಟಿದ್ದಿರಿ? 'ಅಡುಗೆಮನೆ ಕಟ್ಟೆ ಮೇಲೆ.'

ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟಿದ್ದು ರಾತ್ರಿ ಎಂಟಕ್ಕೆ. ಮಕ್ಕಳು ತಿಂದದ್ದು ಬೆಳಿಗ್ಗೆ ಏಳೂವರೆಗೆ. ನಡುವೆ ಹನ್ನೊಂದೂವರೆ ಗಂಟೆ ಆ ಅನ್ನ ಬೇಸಿಗೆಯ ಸೆಕೆಯಲ್ಲಿ ಕಟ್ಟೆಯ ಮೇಲೆ ಕುಳಿತಿತ್ತು. ತಿಂದ ಎರಡು ಗಂಟೆಗೆ ಸರಿಯಾಗಿ ವಾಂತಿ. ವೈದ್ಯನಿಗೆ ಇದಕ್ಕಿಂತ ಸ್ಪಷ್ಟವಾದ ಕಥೆ ಬೇಕಿಲ್ಲ.

ಅನ್ನಕ್ಕೆ ಅಂಟಿಕೊಂಡು ಬರುವ ಬ್ಯಾಸಿಲಸ್ ಸೀರಿಯಸ್ ಎಂಬ ಒಂದು ಬ್ಯಾಕ್ಟೀರಿಯಾ ಇದೆ. ಇದು ಮಣ್ಣಿನಲ್ಲಿ ವಾಸಿಸುವ ಜೀವಾಣು. ಆದ್ದರಿಂದ ಅಕ್ಕಿಯಲ್ಲಿ ಇರುವುದು ಸಾಮಾನ್ಯ. ಅಕ್ಕಿಯನ್ನು ಬೇಯಿಸಿದಾಗ ಜೀವಾಣು ಸಾಯುತ್ತದೆ. ಆದರೆ ಗಟ್ಟಿ ಚಿಪ್ಪಿನೊಳಗೆ ಅಡಗಿದ ಅದರ ಬೀಜಾಣುಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅನ್ನ ಆರಿ ಉಗುರುಬೆಚ್ಚಗಾದೊಡನೆ ಬೀಜಾಣುಗಳು ಮೊಳೆತು, ಗಂಟೆಗಟ್ಟಲೆ ಹೊರಗಿಟ್ಟ ಅನ್ನದಲ್ಲಿ ಲೆಕ್ಕವಿಲ್ಲದಷ್ಟು ಬೆಳೆದು, ಒಂದು ವಿಷವನ್ನು ತಯಾರಿಸುತ್ತವೆ. ಈ ವಿಷ ಎಷ್ಟು ಗಟ್ಟಿಗ ಎಂದರೆ ಮರುದಿನ ನೀವು ಅನ್ನವನ್ನು ಹೊಗೆಯಾಡುವಷ್ಟು ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಜೀವಾಣು ಸಾಯಬಹುದು, ಅದು ಬಿಟ್ಟುಹೋದ ವಿಷ ಉಳಿಯುತ್ತದೆ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಆರಂಭ. ಇದೇ ಜೀವಾಣುವಿನ ಇನ್ನೊಂದು ಬಗೆಯ ವಿಷ ಭೇದಿಯನ್ನು ತರುತ್ತದೆ. ಅದು ಕಾಣಿಸಿಕೊಳ್ಳಲು ಆರರಿಂದ ಹದಿನೈದು ಗಂಟೆ ಬೇಕು. ಅನ್ನದ ವಾಸನೆ, ರುಚಿ ಯಾವುದೂ ಕೆಟ್ಟಿರುವುದಿಲ್ಲ. 'ಮೂಸಿ ನೋಡಿದೆ ಡಾಕ್ಟ್ರೇ, ಹಳಸಿರಲಿಲ್ಲ' ಎಂದು ಆ ತಾಯಿ ಹೇಳಿದ್ದು ಖಂಡಿತ ನಿಜ.

ವೈದ್ಯಕೀಯ ಪುಸ್ತಕಗಳಲ್ಲಿ ಈ ತೊಂದರೆಗೆ 'ಫ್ರೈಡ್ ರೈಸ್ ಸಿಂಡ್ರೋಮ್' ಎಂಬ ಅಡ್ಡಹೆಸರೇ ಇದೆ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಚೈನೀಸ್ ಹೋಟೆಲುಗಳಲ್ಲಿ ಉಂಡವರಲ್ಲಿ ಇದು ಮೊದಲು ಸ್ಪಷ್ಟವಾಗಿ ಗುರುತಾಯಿತು. ಫ್ರೈಡ್ ರೈಸಿಗೆ ಅನ್ನ ಉದುರು ಉದುರಾಗಿರಬೇಕಲ್ಲವೇ? ಹಾಗಾಗಿ ಅಲ್ಲಿನ ಅಡುಗೆಯವರು ಅನ್ನವನ್ನು ಮುಂಚೆಯೇ ಬೇಯಿಸಿ, ಫ್ರಿಜ್ಜಿಗೆ ಇಟ್ಟರೆ ಮುದ್ದೆ ಕಟ್ಟುತ್ತದೆಂದು ಹೊರಗೇ ಬಿಟ್ಟು, ಗಿರಾಕಿ ಬಂದಾಗ ಬಾಣಲೆಯಲ್ಲಿ ಹುರಿದು ಕೊಡುತ್ತಿದ್ದರು. ನಮ್ಮ ಊರಿನ ಗಾಡಿಗಳಲ್ಲೂ ಇದೇ ಪದ್ಧತಿ. ಮಧ್ಯಾಹ್ನ ಬೆಂದ ಅನ್ನ ರಾತ್ರಿ ಹತ್ತರವರೆಗೆ ದೊಡ್ಡ ಪಾತ್ರೆಯಲ್ಲಿ ಇರುತ್ತದೆ. ಆದ್ದರಿಂದ ಆ ಗುಬ್ಬಿ ಕುಟುಂಬದ ವಿಷಯದಲ್ಲಿ ಹೋಟೆಲಿನವರು ಪೂರ್ತಿ ನಿರ್ದೋಷಿಗಳೆಂದು ನಾನು ಹೇಳಲಾರೆ. ಆದರೆ ಅದೇ ಅನ್ನವನ್ನು ಅಲ್ಲೇ ತಿಂದ ನಾಲ್ವರಿಗೂ ಏನೂ ಆಗಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಸರ್ಟಿಫಿಕೇಟ್ ಬರೆದುಕೊಡಲಿಲ್ಲ.

ಅಜ್ಜಿ ಮಾತ್ರ ಗೆದ್ದವರಂತೆ, 'ಆ ಚೈನಾ ಅನ್ನ ನಾನು ಮುಟ್ಟೋದೇ ಇಲ್ಲ' ಎಂದರು. ಅವರಿಗೂ ಒಂದು ಮಾತು ಹೇಳಬೇಕಾಯಿತು. ರಾತ್ರಿ ಮಿಕ್ಕ ಅನ್ನವನ್ನು ಹೊರಗೇ ಇಟ್ಟು ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೂ ಕಥೆ ಒಂದೇ. ಜೀವಾಣುವಿಗೆ ಚೀನಾ, ತುಮಕೂರು ಎಂಬ ಭೇದವಿಲ್ಲ. ಮೇಲೆ ನಿಂಬೆಹಣ್ಣು ಹಿಂಡಿದರೆ ಆಗಲೇ ತಯಾರಾದ ವಿಷ ಹೋಗುವುದಿಲ್ಲ. ಹಿಂದಿನವರು ಮಿಕ್ಕ ಅನ್ನಕ್ಕೆ ರಾತ್ರಿಯೇ ಮಜ್ಜಿಗೆ ಬೆರೆಸಿ ಇಡುತ್ತಿದ್ದರು. ಹುಳಿಯಾದ ಪದಾರ್ಥದಲ್ಲಿ ಈ ಜೀವಾಣು ಅಷ್ಟಾಗಿ ಬೆಳೆಯದು. ಈಗ ನಮ್ಮ ಮನೆಗಳಲ್ಲಿ ಫ್ರಿಜ್ಜಿದೆ. ಅನ್ನವನ್ನಾಗಲಿ, ಪಾರ್ಸೆಲ್ಲನ್ನಾಗಲಿ ಎರಡು ಗಂಟೆಯೊಳಗೆ ಅಗಲವಾದ ಪಾತ್ರೆಗೆ ಹರವಿ ಫ್ರಿಜ್ಜಿಗೆ ಸೇರಿಸಿ, ಮರುದಿನ ಒಂದೇ ಸಲ ಚೆನ್ನಾಗಿ ಬಿಸಿ ಮಾಡಿ ಮುಗಿಸಿ. ರಾತ್ರಿ ಕರೆಂಟು ಹೋಗಿ ಗಂಟೆಗಟ್ಟಲೆ ಬಾರದಿದ್ದರೆ ಎಸೆದುಬಿಡಿ. ನೂರಿಪ್ಪತ್ತು ರೂಪಾಯಿಯ ಫ್ರೈಡ್ ರೈಸ್ ಉಳಿಸಲು ಹೋಗಿ ಡ್ರಿಪ್ಪಿಗೆ ಸಾವಿರ ಕೊಟ್ಟವರನ್ನು ನಾನು ವಾರಕ್ಕೊಮ್ಮೆ ನೋಡುತ್ತೇನೆ.

ಇಷ್ಟಕ್ಕೂ ನಾವು 'ಚೈನೀಸ್' ಎಂದು ಕರೆಯುವ ಊಟ ಚೀನಾದಿಂದ ಬಂದದ್ದೇನಲ್ಲ. ಕೋಲ್ಕತ್ತಾದ ಚೀನೀ ಕುಟುಂಬವೊಂದರಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎಂಬ ಅಡುಗೆಯವರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಯ ನಮ್ಮ ಒಗ್ಗರಣೆಗೆ ಸೋಯಾ ಸಾಸ್ ಮತ್ತು ಜೋಳದ ಹಿಟ್ಟು ಸೇರಿಸಿ ಚಿಕನ್ ಮಂಚೂರಿಯನ್ ಮಾಡಿದರೆಂದು ಹೇಳುತ್ತಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂದು ಗೋಬಿ ಮಂಚೂರಿ ಆಯಿತು. ಈಗ ಅದು ಬಿ.ಎಚ್. ರಸ್ತೆಯ ತಳ್ಳುಗಾಡಿಯಿಂದ ಹಿಡಿದು ಗುಬ್ಬಿಯ ಜಾತ್ರೆ, ಮದುವೆ ಮನೆಯ ಕೌಂಟರಿನವರೆಗೂ ಇದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಷ್ಟೇ ಅದೂ ನಮ್ಮ ಊಟವಾಗಿಬಿಟ್ಟಿದೆ. ಹಾಗಾಗಿ 'ತಿನ್ನಲೇಬೇಡಿ' ಎಂದು ಬರೆದರೆ ಯಾರೂ ಕೇಳುವುದಿಲ್ಲ; ನನ್ನ ಮನೆಯಲ್ಲೇ ಕೇಳುವುದಿಲ್ಲ. ಹೇಗೆ ತಿನ್ನಬೇಕೆಂದು ಹೇಳುವುದೇ ವಾಸಿ.

ಮೊದಲು ಬಣ್ಣದ ಮಾತು. 2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಅದಕ್ಕೆ ಮುಂಚೆ ರಾಜ್ಯದಲ್ಲಿ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಹಾಕಬಾರದ ಬಣ್ಣಗಳು ಸಿಕ್ಕಿದ್ದವು. ಅದೇ ವರ್ಷ ಜೂನ್ ತಿಂಗಳಲ್ಲಿ ಕಬಾಬಿಗೂ ಈ ನಿಷೇಧ ಬಂತು. ಈ ಬಣ್ಣಗಳಲ್ಲಿ ಎರಡು ಬಗೆ ಇವೆ ಎಂಬುದನ್ನು ಓದುಗರು ತಿಳಿಯಬೇಕು. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ ಮುಂತಾದವನ್ನು ಕೆಲವು ಸಿಹಿತಿಂಡಿಗಳಲ್ಲಿ ನಿಗದಿತ ಮಿತಿಯೊಳಗೆ ಬಳಸಲು ಕಾನೂನು ಒಪ್ಪುತ್ತದೆ, ಗೋಬಿಯಲ್ಲಿ ಒಪ್ಪುವುದಿಲ್ಲ. ರೋಡಮೈನ್-ಬಿ ಎಂಬುದು ಮಾತ್ರ ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣ. ಅದು ಯಾವ ಆಹಾರದಲ್ಲೂ ಒಂದು ಚಿಟಿಕೆಯೂ ಇರಕೂಡದು. ಒಂದು ದಿನ ತಿಂದ ಮಾತ್ರಕ್ಕೆ ಕ್ಯಾನ್ಸರ್ ಬಂದುಬಿಡುತ್ತದೆಂದು ಹೆದರಬೇಕಾಗಿಲ್ಲ. ಆದರೆ ಪ್ರತಿ ಸಂಜೆ ಟ್ಯೂಷನ್ ಮುಗಿಸಿ ಹಾಫ್ ಪ್ಲೇಟ್ ತಿನ್ನುವ ಮಗುವಿನ ದೇಹಕ್ಕೆ ವರ್ಷಗಟ್ಟಲೆ ಇಂಥ ರಾಸಾಯನಿಕ ಹೋಗುವುದನ್ನು ಯಾವ ವೈದ್ಯನೂ ಒಪ್ಪಲಾರ.

ಈ ಬಣ್ಣದಿಂದ ಆಗುವ ಒಂದು ಫಜೀತಿಯನ್ನೂ ಹೇಳಿಬಿಡುತ್ತೇನೆ. ಮಗುವಿಗೆ ರಕ್ತಭೇದಿಯೆಂದು ಅಳುತ್ತಾ ರಾತ್ರಿ ಓಡಿಬಂದ ತಾಯಂದಿರನ್ನು ಕಂಡಿದ್ದೇನೆ. ಮಗು ಆಟವಾಡಿಕೊಂಡಿರುತ್ತದೆ; ಜ್ವರವಿಲ್ಲ, ನೋವಿಲ್ಲ. ಮಲವನ್ನು ಪರೀಕ್ಷಿಸಿದರೆ ರಕ್ತವೂ ಇಲ್ಲ. ಹಿಂದಿನ ದಿನ ತಿಂದ ಕೆಂಪು ಗೋಬಿಯೋ ಮಿಠಾಯಿಯೋ ಬಣ್ಣ ಬಿಟ್ಟಿರುತ್ತದೆ. ಹಾಗೆಂದು ಕೆಂಪು ಕಂಡಾಗ ನೀವೇ ತೀರ್ಮಾನಿಸಿಕೊಳ್ಳಬೇಡಿ, ತೋರಿಸಿ.

ಗೋಬಿ ಕೆಂಪಗಿರಲೇಬೇಕು ಎಂದು ಹಟ ಹಿಡಿಯುವವರು ಗಿರಾಕಿಗಳೇ. 'ಕಲರ್ ಹಾಕಬೇಡಿ' ಎಂದು ಬಾಯಿಬಿಟ್ಟು ಹೇಳಿ. ಕಂದುಬಣ್ಣದ ಗೋಬಿಗೆ ರುಚಿಯೇನೂ ಕಡಿಮೆಯಿಲ್ಲ. ಕೆಂಪು ಬೇಕೇಬೇಕಿದ್ದರೆ ನಮ್ಮದೇ ಬ್ಯಾಡಗಿ ಮೆಣಸಿನಕಾಯಿ ಇದೆ. ಖಾರ ಕಡಿಮೆ, ಬಣ್ಣ ಜಾಸ್ತಿ. ಬೆರಳಿಗೆ, ಪೇಪರ್ ಪ್ಲೇಟಿಗೆ ಹತ್ತಿ ತೊಳೆದರೂ ಹೋಗದ ಹೊಳೆಯುವ ಗುಲಾಬಿ-ಕೆಂಪು ಕಂಡರೆ ಆ ಪ್ಲೇಟನ್ನು ಅಲ್ಲೇ ಬಿಟ್ಟು ಎದ್ದುಬನ್ನಿ.

ಇನ್ನು 'ಟೇಸ್ಟಿಂಗ್ ಪೌಡರ್'. ಅಜಿನೊಮೊಟೊ ಎಂಬ ಕಂಪನಿ ಹೆಸರಿನಿಂದಲೇ ನಮಗೆ ಪರಿಚಿತವಾದ ಈ ಬಿಳಿ ಪುಡಿ ಮೋನೋಸೋಡಿಯಂ ಗ್ಲುಟಮೇಟ್. 1908ರಲ್ಲಿ ಜಪಾನಿನ ಪ್ರೊಫೆಸರ್ ಕಿಕುನೆ ಇಕೆಡ ಕಡಲಕಳೆಯ ಸಾರಿನಿಂದ ಇದನ್ನು ಬೇರ್ಪಡಿಸಿದರು. 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದಕ್ಕೆ ವೈದ್ಯರೊಬ್ಬರು ಬರೆದ ಪುಟ್ಟ ಪತ್ರದಿಂದ, ಚೈನೀಸ್ ಊಟ ಮಾಡಿದರೆ ಕತ್ತು ಮರಗಟ್ಟುತ್ತದೆ, ಎದೆ ಡವಗುಟ್ಟುತ್ತದೆ, ಅದಕ್ಕೆ ಈ ಪುಡಿಯೇ ಕಾರಣ ಎಂಬ ಭಯ ಜಗತ್ತಿಗೆಲ್ಲಾ ಹಬ್ಬಿತು. ಆಮೇಲೆ ತಿನ್ನುವವರಿಗೂ ಕೊಡುವವರಿಗೂ ಗೊತ್ತಾಗದಂತೆ ನಡೆಸಿದ ಪರೀಕ್ಷೆಗಳಲ್ಲಿ ಆ ಆರೋಪ ಗಟ್ಟಿಯಾಗಿ ನಿಲ್ಲಲಿಲ್ಲ. ಬರಿಹೊಟ್ಟೆಯಲ್ಲಿ ತುಂಬಾ ಪ್ರಮಾಣದಲ್ಲಿ ಸೇವಿಸಿದ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು ಬರಬಹುದು, ಅಷ್ಟೇ. ಟೊಮೇಟೊದಲ್ಲಿ, ಅಣಬೆಯಲ್ಲಿ, ತಾಯಿಯ ಎದೆಹಾಲಿನಲ್ಲೂ ಗ್ಲುಟಮೇಟ್ ಇದೆ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಈ ಪುಡಿ ಸೇರಿದ ಆಹಾರ ಕೊಡಬಾರದು. ಅಷ್ಟು ಎಳೆಯ ಮಗುವಿನ ಬಾಯಿಗೆ ನೂಡಲ್ಸ್ ಇಡುವ ಅವಸರವಾದರೂ ಏಕೆ?

ನನ್ನ ಲೆಕ್ಕದಲ್ಲಿ ಈ ಊಟದ ದೊಡ್ಡ ಅಪಾಯ ಅಜಿನೊಮೊಟೊ ಅಲ್ಲ, ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚೆಗಿಂತ ಕಡಿಮೆ ಉಪ್ಪು ಸಾಕು. ಒಂದು ದೊಡ್ಡ ಚಮಚೆ ಸೋಯಾ ಸಾಸಿನಲ್ಲೇ ಸುಮಾರು ಎರಡು ಗ್ರಾಂ ಉಪ್ಪಿನಷ್ಟು ಸೋಡಿಯಂ ಇರುತ್ತದೆ. ಸೂಪಿಗೆ ಸೋಯಾ, ಗೋಬಿಗೆ ಸೋಯಾ, ನೂಡಲ್ಸಿಗೆ ಸೋಯಾ. ಅದರ ಜೊತೆಗೆ ಉಪ್ಪು, ಚಿಲ್ಲಿ ಸಾಸ್. ಮನೆಯಲ್ಲಿ ಉಪ್ಪಿನಕಾಯಿ ಮುಟ್ಟದೆ ಪಥ್ಯ ಮಾಡುವ ರಕ್ತದೊತ್ತಡದ ರೋಗಿ ಭಾನುವಾರ ಒಂದು ಬಟ್ಟಲು ಸೂಪು ಕುಡಿದು, 'ಬರೀ ಸೂಪು ಕುಡಿದೆ ಡಾಕ್ಟ್ರೇ' ಎನ್ನುತ್ತಾರೆ. ಹೃದಯದ ದುರ್ಬಲತೆ ಇರುವವರಿಗೆ, ಮೂತ್ರಪಿಂಡದ ಕಾಯಿಲೆ ಇರುವವರಿಗೆ ಇಂಥ ಒಂದು ಊಟ ಸಾಕು: ಸೋಮವಾರ ಕಾಲು ಊದಿಕೊಂಡು, ಮಲಗಿದರೆ ಉಸಿರು ಕಟ್ಟುತ್ತದೆಂದು ಬರುತ್ತಾರೆ. ಇಂಥವರು ಸೂಪು ಬಿಡಿ, ಸಾಸನ್ನು ಪ್ರತ್ಯೇಕವಾಗಿ ಕೊಡಲು ಹೇಳಿ, ಗ್ರೇವಿಯ ಬದಲು ಡ್ರೈ ಕೇಳಿ.

ಸಕ್ಕರೆ ಕಾಯಿಲೆಯವರಿಗೆ ಬೇರೆಯದೇ ಒಂದು ಮಾತು. ಮೈದಾ, ಜೋಳದ ಹಿಟ್ಟು, ಸಾಸಿನೊಳಗಿನ ಸಕ್ಕರೆ ಇವುಗಳಿಂದ ಸಕ್ಕರೆ ಏರುತ್ತದೆಂಬುದು ನಿಮಗೆ ಗೊತ್ತೇ ಇದೆ. ಆದರೆ ಇಳಿದು ಹೋಗುವ ಅಪಾಯ ಬಹಳ ಜನಕ್ಕೆ ತಿಳಿದಿಲ್ಲ. ಧರ್ಮಸ್ಥಳದಿಂದ ಹಿಂತಿರುಗುತ್ತಿದ್ದ ನನ್ನ ರೋಗಿಯೊಬ್ಬರು, ಕುಣಿಗಲ್ ಹತ್ತಿರ ಹೆದ್ದಾರಿಯ ಹೋಟೆಲಿನಲ್ಲಿ ಊಟವೆಂದು ತೀರ್ಮಾನಿಸಿ, ಕಾರಿನಲ್ಲೇ ಇನ್ಸುಲಿನ್ ಚುಚ್ಚಿಕೊಂಡರು. ಭಾನುವಾರದ ಗಲಾಟೆಯಲ್ಲಿ ಟೇಬಲ್ ಸಿಗಲು ಅರ್ಧ ಗಂಟೆ, ಆರ್ಡರ್ ಬರಲು ಮುಕ್ಕಾಲು ಗಂಟೆ. ನೂಡಲ್ಸ್ ಬರುವಷ್ಟರಲ್ಲಿ ಮನುಷ್ಯ ಬೆವರಿನಿಂದ ತೊಯ್ದು ಏನೇನೋ ಮಾತನಾಡುತ್ತಿದ್ದರು. ಮನೆಯವರು ಹೃದಯಾಘಾತವೆಂದು ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಅಲ್ಲಿ ನೋಡಿದರೆ ರಕ್ತದಲ್ಲಿ ಸಕ್ಕರೆ 42! ಸಕಾಲಕ್ಕೆ ಗ್ಲೂಕೋಸ್ ಸಿಕ್ಕಿದ್ದರಿಂದ ಉಳಿದರು. ಹೊರಗೆ ಉಣ್ಣುವ ದಿನ, ಊಟಕ್ಕೆ ಮುಂಚಿನ ಇನ್ಸುಲಿನ್ ಆಗಲಿ ಮಾತ್ರೆಯಾಗಲಿ, ಪ್ಲೇಟು ನಿಮ್ಮ ಕಣ್ಣ ಮುಂದೆ ಬಂದ ಮೇಲೆಯೇ ತೆಗೆದುಕೊಳ್ಳಿ. ಜೇಬಿನಲ್ಲಿ ಎರಡು ಸಕ್ಕರೆ ಪೊಟ್ಟಣ ಇರಲಿ.

ಶಾಕಾಹಾರಿ ಕುಟುಂಬದವರು ಇತ್ತೀಚೆಗೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಬೆಂಗಳೂರಿಗೆ, ಲಂಡನ್ನಿಗೆ ಕೆಲಸಕ್ಕೆ ಹೋದ ಮಕ್ಕಳು ಥಾಯ್, ಕೊರಿಯನ್, ಜಪಾನಿ ಹೋಟೆಲುಗಳಿಗೆ ತಂದೆ ತಾಯಿಯನ್ನು ಕರೆದೊಯ್ಯುತ್ತಾರೆ. ಬರೀ ತರಕಾರಿ ಹಾಕಿದ್ದಾರೆ ಎಂದ ಮಾತ್ರಕ್ಕೆ ಅದು ಶಾಕಾಹಾರ ಆಗಲಿಲ್ಲ. ಥಾಯ್ ಅಡುಗೆಯಲ್ಲಿ ಉಪ್ಪಿನ ಬದಲು ಮೀನಿನ ಸಾಸ್ ಹಾಕುವುದುಂಟು, ಕರಿಯ ಮಸಾಲೆಯಲ್ಲಿ ಸಿಗಡಿ ಅರೆದಿರುವುದುಂಟು. ಆಯ್‌ಸ್ಟರ್ ಸಾಸ್ ಎಂಬುದು ಕಡಲ ಚಿಪ್ಪಿನದು. ಆಚಾರದ ಮಾತು ಹಾಗಿರಲಿ, ಸಿಗಡಿ, ಕಡಲೆಕಾಯಿ, ಗೋಡಂಬಿ ಒಗ್ಗದವರಿಗೆ ಇದು ಪ್ರಾಣದ ಪ್ರಶ್ನೆ. 2014ರಲ್ಲಿ ಇಂಗ್ಲೆಂಡಿನಲ್ಲಿ ಭಾರತೀಯ ಊಟದ ಪಾರ್ಸೆಲ್ ತಿಂದು ಕಡಲೆಕಾಯಿ ಅಲರ್ಜಿಯಿದ್ದ ಗಿರಾಕಿಯೊಬ್ಬ ಸತ್ತ. ಅವನು 'ಕಡಲೆಕಾಯಿ ಬೇಡ' ಎಂದು ಮೊದಲೇ ಹೇಳಿದ್ದ. 2016ರಲ್ಲಿ ಆ ಹೋಟೆಲಿನ ಮಾಲೀಕನಿಗೆ ಆರು ವರ್ಷ ಜೈಲಾಯಿತು. ಯುರೋಪಿನಲ್ಲಿ 2014ರ ಡಿಸೆಂಬರಿನಿಂದ ಹದಿನಾಲ್ಕು ಬಗೆಯ ಅಲರ್ಜಿಕಾರಕ ಪದಾರ್ಥಗಳ ಬಗ್ಗೆ ಗಿರಾಕಿಗೆ ಮಾಹಿತಿ ಕೊಡುವುದು ಹೋಟೆಲುಗಳ ಕರ್ತವ್ಯ. ಅಲ್ಲಿ ಸಂಕೋಚವಿಲ್ಲದೆ ಕೇಳಿ. ಇಲ್ಲಿಯೂ ಕೇಳಿ. ತಿಂದ ಕೆಲವೇ ನಿಮಿಷಗಳಲ್ಲಿ ತುಟಿ, ನಾಲಗೆ ಊದಿಕೊಂಡು, ಮೈಯೆಲ್ಲಾ ದದ್ದೆದ್ದು, ಉಸಿರಾಟಕ್ಕೆ ಕಷ್ಟವಾದರೆ ಮನೆಮದ್ದಿಗೆ ಕಾಯದೆ 108ಕ್ಕೆ ಫೋನ್ ಮಾಡಿ.

ಎಣ್ಣೆ ಮತ್ತು ಹಸಿ ತರಕಾರಿಯ ಬಗ್ಗೆ ಎರಡೇ ಮಾತು. ಕಪ್ಪಾಗಿ, ಅಂಟಾಗಿ, ನೊರೆಗಟ್ಟುವ ಎಣ್ಣೆಯಲ್ಲಿ ಕರಿಯುತ್ತಿದ್ದರೆ ಆ ಗಾಡಿ ಬೇಡ. ಗೋಬಿಯ ಮೇಲೆ ಉದುರಿಸುವ ಹಸಿ ಕೋಸು, ಈರುಳ್ಳಿ, ಕೊತ್ತಂಬರಿಯನ್ನು ಯಾವ ನೀರಿನಲ್ಲಿ ತೊಳೆದರೆಂಬುದು ನಿಮಗೆ ಕಾಣುವುದಿಲ್ಲ. ಕಾಮಾಲೆ, ಟೈಫಾಯಿಡ್, ಲಾಡಿಹುಳುವಿನ ಮೊಟ್ಟೆ ಬರುವುದು ಆ ದಾರಿಯಲ್ಲಿ. ಬಾಣಲೆಯಿಂದ ಕುದಿಯುತ್ತಾ ಇಳಿದ ಗೋಬಿಯಿಂದಲ್ಲ. 'ಮೇಲೆ ಏನೂ ಹಾಕಬೇಡಿ' ಎಂದುಬಿಡಿ.

ಜನ ಸಾಮಾನ್ಯವಾಗಿ ಕೊನೆಗೆ ತಿಂದ ಊಟವನ್ನೇ ದೂರುತ್ತಾರೆ. ಒಂದೆರಡು ಗಂಟೆಯಲ್ಲಿ ವಾಂತಿಯಾದರೆ ಅದು ಸರಿ. ಆದರೆ ಜ್ವರ ಸಹಿತ ಭೇದಿಗೆ ಎರಡು ದಿನ ಹಿಂದಿನ ಊಟ ಕಾರಣವಿರಬಹುದು; ಟೈಫಾಯಿಡ್‌ಗೆ ಒಂದೆರಡು ವಾರದ ಹಿಂದಿನದು; ಎ-ಕಾಮಾಲೆಗೆ ಒಂದು ತಿಂಗಳ ಹಿಂದಿನ ಯಾವುದೋ ಜಾತ್ರೆಯ ಐಸಿನ ನೀರು. ನಿನ್ನೆಯ ಗಾಡಿಯವನೊಡನೆ ಜಗಳಕ್ಕೆ ಹೋಗುವ ಮುಂಚೆ ಇದನ್ನು ಯೋಚಿಸಿ. ನಮ್ಮ ಸ್ವಂತ ತಿಂಡಿಗಳೂ ಏನು ಕಡಿಮೆಯಿಲ್ಲ. 2025ರ ಫೆಬ್ರವರಿಯಲ್ಲಿ, ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುವುದು ರಾಜ್ಯದ ಅನೇಕ ಕಡೆ ಕಂಡುಬಂದು ಸರ್ಕಾರ ಅದನ್ನು ತಡೆಯಲು ಹೊರಟಾಗ, ತಟ್ಟೆ ಇಡ್ಲಿಯ ಊರಿನವರಾದ ನಾವು ಸ್ವಲ್ಪ ತಲೆ ತಗ್ಗಿಸಬೇಕಾಯಿತು. ನಿಜವಾಗಿಯೂ ದೂರು ಕೊಡಬೇಕಿದ್ದರೆ ಬಿಲ್ಲು ಇಟ್ಟುಕೊಳ್ಳಿ, ಹೋಟೆಲಿನ ಗೋಡೆಯ ಮೇಲಿರುವ ಹದಿನಾಲ್ಕು ಅಂಕಿಯ ಆಹಾರ ಪರವಾನಗಿ ಸಂಖ್ಯೆ ಬರೆದುಕೊಳ್ಳಿ, ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಕೊಡಿ.

ವಾಂತಿ-ಭೇದಿ ಶುರುವಾದರೆ ಮನೆಯಲ್ಲಿ ಏನು ಮಾಡಬೇಕು? ಓಆರ್‌ಎಸ್ ಪೊಟ್ಟಣ ಇದ್ದರೆ ಅದು. ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟವಾಗಿ ಆರು ಟೀ ಚಮಚೆ ಸಕ್ಕರೆ, ಅರ್ಧ ಟೀ ಚಮಚೆ ಉಪ್ಪು. ವಾಂತಿಯಾದೊಡನೆ ಗಟಗಟ ಕುಡಿಸಬೇಡಿ. ಹತ್ತು ನಿಮಿಷ ಬಿಟ್ಟು ಚಮಚೆಯಲ್ಲಿ ಒಂದೊಂದೇ ಗುಟುಕು ಕೊಡಿ. ಎದೆಹಾಲು ಕುಡಿಯುವ ಮಗುವಿಗೆ ಹಾಲು ನಿಲ್ಲಿಸಬೇಡಿ. ಮೆಡಿಕಲ್ ಸ್ಟೋರಿನಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ಮಕ್ಕಳಿಗೆ ಕೊಡುವುದು ಅಪಾಯ. ಜೀವಾಣುವಿನ ವಿಷದಿಂದಾದ ವಾಂತಿಗೆ ಆಂಟಿಬಯಾಟಿಕ್‌ನಿಂದ ಯಾವ ಉಪಯೋಗವೂ ಇಲ್ಲ. ಹೆಚ್ಚಿನವರು ಒಂದು ದಿನದಲ್ಲಿ ಸರಿಹೋಗುತ್ತಾರೆ. ಆದರೆ ಆರು ಗಂಟೆ ಕಳೆದರೂ ಮೂತ್ರವಾಗದಿದ್ದರೆ, ಕುಡಿದದ್ದೆಲ್ಲಾ ವಾಂತಿಯಾಗುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ನಿದ್ದೆಗೆ ಜಾರುತ್ತಿದ್ದರೆ ತಡಮಾಡದೆ ಕರೆತನ್ನಿ. ಗರ್ಭಿಣಿಯರು ಮತ್ತು ವಯಸ್ಸಾದವರ ವಿಷಯದಲ್ಲಿ ಇಷ್ಟು ಹೊತ್ತೂ ಕಾಯಬಾರದು.

ಗುಬ್ಬಿಯ ಆ ಇಬ್ಬರು ಮಕ್ಕಳು ಸಂಜೆಯ ಹೊತ್ತಿಗೆ ಎದ್ದು ಕುಳಿತರು. ದೊಡ್ಡವನು ಹೊರಡುವಾಗ ಬಾಗಿಲಲ್ಲಿ ನಿಂತು, 'ಡಾಕ್ಟ್ರೇ, ಮತ್ತೆ ಫ್ರೈಡ್ ರೈಸ್ ತಿನ್ನಬಹುದಾ?' ಎಂದು ಕೇಳಿದ. ಒಂದು ವಾರ ಬಿಟ್ಟು ತಿನ್ನು, ಅಲ್ಲೇ ಬಿಸಿಬಿಸಿ ತಿನ್ನು, ಪಾರ್ಸೆಲ್ ತರಬೇಡ ಎಂದೆ. ಅವನ ತಂದೆ ಆಗಲೇ ಹೊರಗೆ ಹೋಗಿ ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದರು.